ಪುಟ್ಟ ಮಕ್ಕಳ ಕೈಕೆಲಸಕ್ಕೆ ಥೀಮ್ ಎಲ್ಲಿಂದ ತರೋದು?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ನಾಲ್ಕು ತುಂಬಿದೆ, ಮಗನಿಗೆ ಎರಡೂವರೆ. ಮಗಳ ಎಲ್‌ಕೆಜಿಯಲ್ಲಿ ತಿಂಗಳಿಗೊಂದು ಥೀಮ್ ಕೊಡುತ್ತಾರೆ. ಹೋದ ತಿಂಗಳು 'ಸಮುದ್ರದ ಪ್ರಾಣಿಗಳು' ಅಂತ ಆಕ್ಟೋಪಸ್ ಮಾಡಿ ಕಳಿಸಲು ಹೇಳಿದ್ದರು. ಥರ್ಮಾಕೋಲ್, ಗ್ಲಿಟರ್, ಬಣ್ಣದ ಶೀಟು ತಂದು ರಾತ್ರಿ ಕೂತು ನಾನೇ ಮಾಡಿದೆ. ಅವಳು ಕಣ್ಣು ಅಂಟಿಸಿದ್ದಷ್ಟೇ. ಈ ತಿಂಗಳು 'ನಮ್ಮ ಸಹಾಯಕರು' ಅಂತೆ. ಮೊಬೈಲಿನಲ್ಲಿ ನೋಡುವ ಕ್ರಾಫ್ಟಿಗೆ ಬೇಕಾದ ಸಾಮಾನು ನಮ್ಮ ಕಡೆ ಸಿಗುವುದಿಲ್ಲ. 'ಅದೆಲ್ಲ ಬಿಟ್ಟು ಅಕ್ಷರ ತಿದ್ದಿಸು' ಅನ್ನುತ್ತಾರೆ ಅತ್ತೆ. ಮನೆಯಲ್ಲಿ ಸಿಗುವುದರಲ್ಲೇ ಇಬ್ಬರಿಗೂ ಏನು ಮಾಡಿಸಬಹುದು?

ಉತ್ತರ: ಆ ಆಕ್ಟೋಪಸ್ ಮಾಡಿದ್ದು ನೀವು, ಹಾಗಾಗಿ ಅದರಿಂದ ಕಲಿತದ್ದೂ ನೀವೇ. ಇದನ್ನು ಆಕ್ಷೇಪಣೆ ಅಂತ ತಿಳಿಯಬೇಡಿ. ಮೈಸೂರು, ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ತಾಯಂದಿರು ಕತ್ತರಿ ಹಿಡಿದು ಕೂರುವುದನ್ನು ಬಲ್ಲೆ. ಯಡವಟ್ಟಾಗುವುದು ಥೀಮ್ ಆರಿಸುವ ಹಂತದಲ್ಲಿ. ನಾಲ್ಕು ವರ್ಷದ ಮಗು ತಾನು ಕಂಡದ್ದನ್ನು, ಮುಟ್ಟಿದ್ದನ್ನು, ಮೂಸಿದ್ದನ್ನು ಕೈಯಲ್ಲಿ ಮತ್ತೆ ಮಾಡಿ ನೋಡುತ್ತದೆ. ಸಮುದ್ರವನ್ನೇ ನೋಡದ ಮಗುವಿಗೆ ಆಕ್ಟೋಪಸ್ ಅಂದರೆ ಅಮ್ಮ ಕತ್ತರಿಸಿ ಕೊಟ್ಟ ಬಣ್ಣದ ಶೀಟು, ಅಷ್ಟೇ. ಆದ್ದರಿಂದ ನಾನು ಶಿಕ್ಷಕಿಯರ ತರಬೇತಿಯಲ್ಲೂ ಹೇಳುವುದು ಇದನ್ನೇ: ಮಗು ಹೋಗಿ ನೋಡಿ ಬರುವಷ್ಟು ಹತ್ತಿರದಲ್ಲಿ ಥೀಮ್ ಹುಡುಕಿ, ಒಂದೆರಡು ವಾರ ಅದರಲ್ಲೇ ಇರಿ, ಕೈಕೆಲಸ ಆಮೇಲೆ ಬರಲಿ.

ನೀವಿರುವುದು ಕಬ್ಬಿನ ಸೀಮೆ, ಸಂಕ್ರಾಂತಿಯೂ ಬಾಗಿಲಲ್ಲೇ ಇದೆ. ಇದಕ್ಕಿಂತ ಒಳ್ಳೆಯ ಥೀಮ್ ಇನ್ನೆಲ್ಲಿ? ಮೊದಲ ದಿನ ಒಂದು ಇಡೀ ಕಬ್ಬಿನ ಜಲ್ಲೆ ತನ್ನಿ. ಸೋಗೆಯ ಅಂಚು ಕೈ ಕುಯ್ಯುತ್ತದೆ, ಅದನ್ನು ನೀವೇ ತೆಗೆದುಬಿಡಿ. ಜಲ್ಲೆಯನ್ನು ಹಜಾರದಲ್ಲಿ ಉದ್ದಕ್ಕೆ ಮಲಗಿಸಿ, ಮಗಳು ಪಕ್ಕದಲ್ಲಿ ಮಲಗಿ ಯಾರು ಉದ್ದ ಅಂತ ನೋಡಲಿ. ಆಮೇಲೆ ಗಿಣ್ಣುಗಳನ್ನು ಮುಟ್ಟಿ ಮುಟ್ಟಿ ಎಣಿಸಲಿ. ಹತ್ತರವರೆಗೆ ಬಾಯಿಪಾಠ ಬರುವ ಮಗು ಕೂಡ ಮುಟ್ಟಿ ಎಣಿಸುವಾಗ ಎಡವುತ್ತದೆ. ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ, ಒಂದೇ ಗಿಣ್ಣಿಗೆ ಎರಡು ಅಂಕಿ ಬೀಳುತ್ತವೆ. 'ತಪ್ಪು' ಅನ್ನಬೇಡಿ. ಅವಳ ಬೆರಳಿನ ಜೊತೆ ನಿಮ್ಮ ಬೆರಳನ್ನೂ ಇಟ್ಟು ಇನ್ನೊಂದು ಸಲ ನಿಧಾನಕ್ಕೆ ಎಣಿಸಿ. ಒಂದು ಗಿಣ್ಣಿಗೆ ಒಂದೇ ಅಂಕಿ ಅನ್ನುವುದು ಗಟ್ಟಿಯಾದರೆ ಲೆಕ್ಕಕ್ಕೆ ಬುನಾದಿ ಬಿದ್ದಂತೆ. ಗೋಡೆಯ ಮೇಲಿನ ಅಂಕಿ ಚಾರ್ಟಿನಿಂದ ಇದು ಬರುವುದಿಲ್ಲ.

ಊರಿನ ಆಸುಪಾಸಿನಲ್ಲಿ ಆಲೆಮನೆ ನಡೆಯುತ್ತಿದ್ದರೆ ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ. ಒಂದು ಮಗುವಿಗೆ ಒಬ್ಬರು ದೊಡ್ಡವರು ಇರಲೇಬೇಕು, ಗಾಣ ಮತ್ತು ಕೊಪ್ಪರಿಗೆಯಿಂದ ದೂರ ನಿಲ್ಲಬೇಕು. ಮಗನನ್ನು ಎತ್ತಿಕೊಂಡೇ ಇರಿ. ಅಲ್ಲಿ ಪಾಠ ಹೇಳಲು ಹೋಗಬೇಡಿ. ಗಾಣದಿಂದ ಕಬ್ಬಿನ ಹಾಲು ಇಳಿಯುವುದು, ಕೊಪ್ಪರಿಗೆಯಲ್ಲಿ ಕುದಿ ಬಂದು ನೊರೆ ಏಳುವುದು, ಮೇಲೆ ಬಂದ ಮಡ್ಡಿ ತೆಗೆಯುವುದು, ಪಾಕ ಅಚ್ಚಿಗೆ ಬೀಳುವುದು, ಇವಿಷ್ಟನ್ನು ನೋಡಲಿ. 'ಯಾವ ವಾಸನೆ ಬರ್ತಿದೆ?' 'ಬಿಸಿ ಎಲ್ಲಿಂದ ಬರ್ತಿದೆ?' ಅಂತ ಒಂದೆರಡು ಮಾತು ಕೇಳಿದರೆ ಸಾಕು. ಹೊರಡುವಾಗ ಅಚ್ಚುಬೆಲ್ಲ ಒಂದಷ್ಟು ಕೊಂಡುಕೊಳ್ಳಿ. ಮಂಡ್ಯದ ಮಾರುಕಟ್ಟೆಗೆ ಹೋದಾಗ ಬಕೆಟ್ ಬೆಲ್ಲ, ಕುರಿಕಾಟು ಬೆಲ್ಲವನ್ನೂ ತೋರಿಸಿ. ಒಂದೇ ಬೆಲ್ಲ ಇಷ್ಟು ಆಕಾರದಲ್ಲಿ ಇರುವುದು ಮಕ್ಕಳಿಗೆ ದೊಡ್ಡ ವಿಸ್ಮಯ.

ಮನೆಗೆ ಬಂದ ಮೇಲೆ ಎರಡು ಗಾಜಿನ ಲೋಟ ಇಡಿ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಉಗುರುಬೆಚ್ಚಗಿನ ನೀರು, ಎರಡಕ್ಕೂ ಒಂದೇ ಗಾತ್ರದ ಬೆಲ್ಲದ ತುಂಡು. ಕಲಕಬಾರದು, ಬರೀ ನೋಡಬೇಕು. ಬೆಲ್ಲದ ಸುತ್ತ ಕಂದು ಬಣ್ಣ ಎಳೆ ಎಳೆಯಾಗಿ ಬಿಟ್ಟುಕೊಂಡು ತಳಕ್ಕೆ ಇಳಿಯುವುದು ಕಾಣುತ್ತದೆ, ಬೆಚ್ಚಗಿನ ಲೋಟದಲ್ಲಿ ಬೇಗ. ಮಗಳು ಕುತ್ತಿಗೆ ಬಗ್ಗಿಸಿ ಲೋಟದ ಮಟ್ಟಕ್ಕೆ ಕಣ್ಣಿಟ್ಟು ಕೂತಳೋ, ನೀವು ಸುಮ್ಮನಿದ್ದುಬಿಡಿ. 'ಯಾವುದು ಮೊದಲು ಕರಗುತ್ತೆ?' ಅನ್ನುವ ಪ್ರಶ್ನೆಯನ್ನು ಬೆಲ್ಲ ಹಾಕುವ ಮುಂಚೆಯೇ ಕೇಳಿರಬೇಕು. ಊಹೆ ಮಾಡಿ, ಆಮೇಲೆ ಆದದ್ದರ ಜೊತೆ ಹೋಲಿಸುವುದೇ ಈ ವಯಸ್ಸಿನ ವಿಜ್ಞಾನ. ಮಾರನೆಯ ದಿನ ಪುಡಿಬೆಲ್ಲ ಮತ್ತು ಉಂಡೆಬೆಲ್ಲ ಇಟ್ಟು ಮತ್ತೆ ಮಾಡಿ.

ಕೈಕೆಲಸ ಈಗ ಬರುತ್ತದೆ. ಹೊಲದ ಮಣ್ಣನ್ನು ಜರಡಿ ಹಿಡಿದು ನಾದಿ ಕೊಡಿ. ಪುಟ್ಟ ಬಟ್ಟಲು, ಡಬ್ಬಿಯ ಮುಚ್ಚಳ, ಇಡ್ಲಿ ತಟ್ಟೆ ಅಚ್ಚುಗಳಾಗುತ್ತವೆ. ಅವಳು 'ಬೆಲ್ಲ' ಹೊಯ್ಯುತ್ತಾಳೆ, ಒಣಗಿಸುತ್ತಾಳೆ, ಬಿಡಿಸುವಾಗ ಒಂದಷ್ಟು ಒಡೆಯುತ್ತವೆ. ಒಡೆಯಲಿ. ಒದ್ದೆ ಮಣ್ಣು ಬಿಡುವುದಿಲ್ಲ, ತೀರಾ ಒಣಗಿದ್ದು ಬಿರುಕು ಬಿಡುತ್ತದೆ ಅಂತ ಅವಳೇ ಕಂಡುಕೊಳ್ಳುತ್ತಾಳೆ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಐದೆಸಳಿನ ಹೂವು ಮೂಡುತ್ತದೆ. ಕಬ್ಬಿನ ತುಂಡನ್ನು ಒಂದು ರಾತ್ರಿ ಆರಲು ಬಿಟ್ಟು ಒತ್ತಿದರೆ ದುಂಡನೆಯ ಅಚ್ಚು. ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲು ಬೆಂಡೆಗಿಡದ ಲೋಳೆ ಹಾಕುವ ರೂಢಿ ಇದೆ, ಅದನ್ನು ಅಲ್ಲಿ ನೋಡಿದ್ದರೆ ಬೆಂಡೆಗೂ ಕಬ್ಬಿಗೂ ಇರುವ ನಂಟನ್ನು ನೆನಪಿಸಿ. ಕೊನೆಗೆ, ಮೊಳಕೆಯೊಡೆಯುವ ಕಣ್ಣು ಚೆನ್ನಾಗಿರುವ ಒಂದು ಗಿಣ್ಣಿನ ತುಂಡನ್ನು ಹಳೆಯ ಬಕೆಟ್ಟಿನಲ್ಲಿ ನೆಡಲಿ. ಎರಡು ಮೂರು ವಾರದಲ್ಲಿ ಮೊಳಕೆ ಮೇಲೆ ಬರುತ್ತದೆ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಇಬ್ಬರೂ ಹೋಗಿ ನೋಡುವುದೇ ಒಂದು ಕೆಲಸ.

ಎಳ್ಳುಬೆಲ್ಲಕ್ಕೆ ಸಾಮಾನು ಬೇರೆ ಮಾಡುವುದಕ್ಕೂ ಮಗಳನ್ನು ಕೂರಿಸಿಕೊಳ್ಳಿ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ, ಐದೂ ಬೇರೆ ಬಣ್ಣ, ಬೇರೆ ಗಾತ್ರ. ಮಗನ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಎರಡೂವರೆ ವರ್ಷದ ಮಗುವಿನ ಕೈಗೆ ಕಡಲೆಬೀಜ, ಹುರಿಗಡಲೆ, ಹುಣಸೆಬೀಜ, ಮಣಿ, ಗುಂಡಿ ಬಾರದು. ಬಾಯಿಗೆ ಹಾಕಿಕೊಂಡು ಉಸಿರುನಾಳಕ್ಕೆ ಎಳೆದುಕೊಳ್ಳುತ್ತವೆ, ಮೂಗಿಗೆ ತೂರಿಸಿಕೊಳ್ಳುತ್ತವೆ. ಕಬ್ಬು ಅಗಿಯಲು ಕೊಡುವುದೂ ಬೇಡ, ಹಾಲು ಹಿಂಡಿ ಕೊಡಿ.

ಇದೇ ಕಾಲದಲ್ಲಿ ನಿಮ್ಮ ಜಿಲ್ಲೆಗೆ ಬರುವ ಇನ್ನೊಂದು ಥೀಮ್ ಹಕ್ಕಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಆ ಊರವರು ಅವನ್ನು ನೋಡಿಕೊಳ್ಳುತ್ತಾರೆ. ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕಿಲ್ಲ. ನಿಮಗೆ ಹತ್ತಿರ ಅಂದರೆ ಶ್ರೀರಂಗಪಟ್ಟಣದ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ಎಲ್ಲ ಹಕ್ಕಿಯ ಹೆಸರು ಹೇಳಿಸಲು ಹೋಗಬೇಡಿ. ಎರಡೇ ಹಕ್ಕಿ, ಅದರಲ್ಲೂ ಕೊಕ್ಕು ಮಾತ್ರ ನೋಡಿ ಬನ್ನಿ.

ಮನೆಯಲ್ಲಿ ಅಗಲದ ಬೋಗುಣಿಗೆ ನಾಲ್ಕು ಬೆರಳು ನೀರು ಹಾಕಿ, ಎಲೆ, ಕಡ್ಡಿ, ನಿಂಬೆಹಣ್ಣು, ಕ್ಯಾರೆಟ್ ತುಂಡು ಬಿಡಿ, ಇವೇ ಮೀನು. ಮಗಳಿಗೆ ಚಪಾತಿ ಇಕ್ಕಳ ಕೊಡಿ, ಅದು ಕೊಕ್ಕರೆಯ ಕೊಕ್ಕು. ಮಗನಿಗೆ ಜಾಲರಿ ಸೌಟು, ಅದು ಹೆಜ್ಜಾರ್ಲೆಯ ಜೋಳಿಗೆ. ಯಾರು ಹೇಗೆ ಮೀನು ಹಿಡಿಯುತ್ತಾರೆ ನೋಡಲಿ. ಇಕ್ಕಳದಲ್ಲಿ ಒಂದೊಂದೇ ಹಿಡಿಯಬೇಕು, ಸೌಟಿನಲ್ಲಿ ನೀರು ಸೋರಿ ಮೀನು ಉಳಿಯುತ್ತದೆ. ಆಮೇಲೆ ಅದಲುಬದಲು ಮಾಡಿ. ಕೊಕ್ಕಿನ ಆಕಾರಕ್ಕೂ ಊಟಕ್ಕೂ ಇರುವ ಸಂಬಂಧ ಕೈಗೆ ಗೊತ್ತಾಗುತ್ತದೆ, ಇಕ್ಕಳ ಅದುಮಿ ಅದುಮಿ ಬೆರಳಿಗೆ ಬಲವೂ ಬರುತ್ತದೆ. ಆಟ ಮುಗಿದ ತಕ್ಷಣ ಬೋಗುಣಿ ಬೋರಲು ಹಾಕಿ. ಚಿಕ್ಕ ಮಕ್ಕಳು ಮುಳುಗಲು ಒಂದು ಗೇಣು ನೀರೂ ಬೇಕಿಲ್ಲ. 'ನೀರು' ಥೀಮ್ ಅಂತ ವಿ.ಸಿ. ನಾಲೆಯ ಏರಿ ಮೇಲೆ ಕರೆದುಕೊಂಡು ಹೋಗುವುದಂತೂ ಖಂಡಿತ ಬೇಡ. ಒಣಹುಲ್ಲು, ತೆಂಗಿನ ನಾರು, ಕಡ್ಡಿ ಕೊಟ್ಟು ಗೂಡು ಕಟ್ಟಲು ಹೇಳಿ. ನಿಲ್ಲುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಹಕ್ಕಿ ಬರೀ ಕೊಕ್ಕಿನಲ್ಲಿ ಇದನ್ನು ಹೇಗೆ ಕಟ್ಟಿತು ಅಂತ ಮಗಳು ಕೇಳಿದರೆ ಆ ದಿನದ ಕೆಲಸ ಅಲ್ಲಿಗೆ ಸಾರ್ಥಕ.

ಇನ್ನು ಸಾಮಾನು. ಮೈದಾ ಅಥವಾ ಗೋಧಿಹಿಟ್ಟು ಎರಡು ಬಟ್ಟಲು, ಪುಡಿ ಉಪ್ಪು ಒಂದು ಬಟ್ಟಲು, ಹೆಚ್ಚುಕಡಿಮೆ ಒಂದು ಬಟ್ಟಲು ನೀರು, ಒಂದು ಚಮಚ ಎಣ್ಣೆ ಹಾಕಿ ಚಪಾತಿ ಹದಕ್ಕೆ ನಾದಿದರೆ ಅಂಗಡಿಯ ಕ್ಲೇ ಬೇಕಿಲ್ಲ. ಉಪ್ಪು ಜಾಸ್ತಿ ಇರುವುದರಿಂದ ಮಗ ತಿನ್ನದ ಹಾಗೆ ನೋಡಿಕೊಳ್ಳಿ. ಬಣ್ಣಕ್ಕೆ ಬೀಟ್‌ರೂಟ್ ರಸ, ಪಾಲಕ್ ರಸ, ಅರಿಶಿನ. ಕುಂಕುಮ ಬೇಡ, ಕೆಲವದರಲ್ಲಿ ಸೀಸ ಇರುವುದುಂಟು. ಅಂಟಿಗೆ ಮೈದಾ ಗಂಜಿ ಕಾಯಿಸಿ, ದಿನದಿನಕ್ಕೆ ಹೊಸದಾಗಿ. ಹಿಂದೆ ಹುಳ ಹಿಡಿಯಬಾರದು ಅಂತ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳ ಅಂಟಿಗೆ ಸೇರಿಸಲೇಬಾರದು. ಗ್ಲಿಟರ್, ಥರ್ಮಾಕೋಲ್ ಎರಡನ್ನೂ ಮನೆಯಿಂದ ಆಚೆ ಇಡಿ. ಥರ್ಮಾಕೋಲ್ ಪುಡಿಯಾಗಿ ಎಲ್ಲ ಕಡೆ ಹಾರುತ್ತದೆ, ಗ್ಲಿಟರ್ ಕಣ್ಣಿಗೆ ಹೋಗುತ್ತದೆ.

ಅರಿಶಿನದ್ದು ಒಂದು ಚಂದದ ಆಟ ಇದೆ. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಿ. ಕಡ್ಡಿಗೆ ಹತ್ತಿ ಸುತ್ತಿ ಸೋಪಿನ ನೀರಿನಲ್ಲಿ ಅದ್ದಿ ಅದರ ಮೇಲೆ ಗೀಚಲಿ. ಹಳದಿ ಹಾಳೆಯ ಮೇಲೆ ಕೆಂಪು ಗೆರೆ ಏಳುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಕೆಂಪು ಹೋಗಿ ಮತ್ತೆ ಹಳದಿ. ಕ್ಷಾರ ತಾಗಿದರೆ ಕೆಂಪಾಗುವುದು, ಹುಳಿ ತಾಗಿದರೆ ಹಳದಿಗೆ ಮರಳುವುದು ಅರಿಶಿನದ ಗುಣ. ಆರತಿಯ ಓಕುಳಿ ನೀರಿಗೆ ಅರಿಶಿನದ ಜೊತೆ ಸುಣ್ಣ ಕದಡುವುದು ಇದಕ್ಕೇ. ಇದನ್ನು ನಿಮ್ಮ ಅತ್ತೆಯವರೇ ಮಾಡಿ ತೋರಿಸಲಿ, ಆದರೆ ಸುಣ್ಣ ಮಕ್ಕಳ ಕೈಗೆ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ.

ಅತ್ತೆಯವರ ಮಾತಿಗೆ ಬರೋಣ. ಮೊಮ್ಮಗಳು ಹಿಂದೆ ಬೀಳಬಾರದು ಅನ್ನುವ ಅವರ ಕಾಳಜಿ ನಿಜವಾದದ್ದು, ಎದುರು ವಾದ ಮಾಡಬೇಡಿ. ಆದರೆ ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳು ಹುಟ್ಟುವಾಗ ಬರೀ ಮೆದುಮೂಳೆ. ಒಂದೊಂದಾಗಿ ಗಟ್ಟಿಯಾಗಲು ಶುರುವಾಗಿ, ಕೊನೆಯದರ ಸರದಿ ಬರುವಾಗ ಮಗುವಿಗೆ ಹತ್ತರ ಆಸುಪಾಸು. ಬೆರಳಿನ ಸ್ನಾಯುಗಳೂ ಇನ್ನೂ ಬಲಿಯುತ್ತಿರುತ್ತವೆ. ಸಾಮಾನ್ಯವಾಗಿ ಮಗು ದುಂಡಗೆ ಸುತ್ತುವುದು ಮೂರರ ಹೊತ್ತಿಗೆ, ಕೂಡುವ ಗುರುತಿನ ಹಾಗೆ ಅಡ್ಡ-ಉದ್ದ ಗೆರೆ ಎಳೆಯುವುದು ನಾಲ್ಕರ ಹೊತ್ತಿಗೆ, ತ್ರಿಕೋನ ಬರುವುದು ಐದರ ಹೊತ್ತಿಗೆ. ಈ ಕ್ರಮ ಬಿಟ್ಟು ಪೆನ್ಸಿಲ್ ಹಿಡಿಸಿ ಪುಟಗಟ್ಟಲೆ ತಿದ್ದಿಸಿದರೆ ಕೈ ನೋಯುತ್ತದೆ, ಬರೆಯುವುದು ಅಂದರೆ ಬೇಸರ ಅನ್ನುವುದು ಮನಸ್ಸಿನಲ್ಲಿ ಕೂರುತ್ತದೆ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತ ಅಂತ ಇಟ್ಟು, ಆಟದ ಮೂಲಕ ಕಲಿಕೆ ಅನ್ನುತ್ತದೆ. ಇದೇನು ನಿನ್ನೆ ಮೊನ್ನೆ ಬಂದ ಫ್ಯಾಷನ್ನೂ ಅಲ್ಲ. ಆಡಿಸಿ ಕಲಿಸುವ ಅಂಗನವಾಡಿ ಯೋಜನೆ ಕರ್ನಾಟಕದಲ್ಲಿ ಶುರುವಾದದ್ದೇ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ, 1975ರ ಅಕ್ಟೋಬರ್ 2ರಂದು.

ಹಾಗಂತ ಅತ್ತೆಯವರಿಗೆ ಕೆಲಸ ಇಲ್ಲ ಅಂತಲ್ಲ, ಅವರದೇ ದೊಡ್ಡ ಕೆಲಸ. ಈಗ ಅವರೆಕಾಯಿ ಕಾಲ. ನೆನೆಸಿದ ಅವರೆಕಾಳನ್ನು ಹಿದುಕುವಾಗ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಲಿ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಕಾಳು ಹಿಡಿದು, ಅಷ್ಟೇ ಅಳತೆಯ ಒತ್ತು ಕೊಟ್ಟರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಟಣ್ಣನೆ ಆಚೆ ನೆಗೆಯುತ್ತದೆ. ಒತ್ತು ಜಾಸ್ತಿಯಾದರೆ ಗೋಡೆಗೆ ಹಾರುತ್ತದೆ, ಕಮ್ಮಿಯಾದರೆ ಸಿಪ್ಪೆ ಬಿಡುವುದಿಲ್ಲ. ಪೆನ್ಸಿಲ್ ಹಿಡಿಯಲು ಬೇಕಾದದ್ದು ಇದೇ ಎರಡು ಬೆರಳು, ಇದೇ ಅಳತೆ. ಹೂ ಕಟ್ಟುವಾಗ ಎರಡೆರಡು ಹೂ ಜೋಡಿಸಿ ಕೊಡುವುದು, ರಂಗೋಲಿ ಚುಕ್ಕಿ ಇಡುವುದು, ತೆಂಗಿನ ಗರಿಯಲ್ಲಿ ಪೀಪಿ, ವಾಚು, ಗಿರಗಟ್ಲೆ ಮಾಡುವುದು, ಇವೆಲ್ಲ ಅವರಿಗೆ ಕೈಬಂದ ವಿದ್ಯೆ. ಅಕ್ಷರದ ಆಸೆ ಇದ್ದರೆ ಮೊರದಲ್ಲಿ ರಾಗಿ ಹರಡಿ ಬೆರಳಿನಲ್ಲಿ ಬರೆಸಲಿ. ಕನ್ನಡ ಅಕ್ಷರಗಳು ಹೆಚ್ಚಿನವು ದುಂಡಗೆ ಇರುವುದರಿಂದ ಮೊದಲು ಸೊನ್ನೆ, ಕಮಾನು, ಸುರುಳಿ ಬರಲಿ. ಆಮೇಲೆ ಗ, ಠ, ರ ತಾವಾಗಿ ಸುಲಭವಾಗುತ್ತವೆ. ಮಗನಿಗೆ ರಾಗಿ ಬದಲು ರಾಗಿಹಿಟ್ಟು ಹರಡಿ ಕೊಡಿ.

ಕತ್ತರಿ ಮಗಳಿಗೆ ಕೊಡಬಹುದು, ಮೊಂಡು ತುದಿಯದು. ಬೆರಳಗಲದ ಪಟ್ಟಿ ಕೊಟ್ಟರೆ ಒಂದೇ ಕತ್ತರಿಕೆಗೆ ತುಂಡಾಗುತ್ತದೆ, ಅದರಿಂದ ಶುರು. ನೇರ ಗೆರೆ ಆಮೇಲೆ, ದುಂಡು ಇನ್ನೂ ಆಮೇಲೆ. ಮಗ ಕಾಗದ ಹರಿಯಲಿ, ಹಿಟ್ಟು ನಾದಲಿ, ಸ್ಪಂಜು ಹಿಂಡಲಿ. ಅವನ ವಯಸ್ಸಿಗೆ ಅದೇ ಕ್ರಾಫ್ಟು. ಯಾರಾದರೂ ಎಡಗೈ ಬಳಸಿದರೆ ಬಿಡಿಸಲು ಹೋಗಬೇಡಿ. ಹತ್ತು ನಿಮಿಷಕ್ಕೆ ಎದ್ದು ಹೋದರೆ ಹೋಗಲಿ, ಅದು ಹಟವಲ್ಲ, ಅಷ್ಟು ಹೊತ್ತು ಕೂತದ್ದೇ ಹೆಚ್ಚು.

ಈ ತಿಂಗಳ 'ನಮ್ಮ ಸಹಾಯಕರು' ನಿಮ್ಮ ಅದೃಷ್ಟಕ್ಕೆ ಒಳ್ಳೆಯ ಥೀಮ್. ಪೊಲೀಸ್, ಡಾಕ್ಟರ್ ಚಿತ್ರ ಕತ್ತರಿಸಿ ಅಂಟಿಸುವುದು ಬೇಡ. ನಿಮ್ಮ ಮಗಳಿಗೆ ಗೊತ್ತಿರುವ ಸಹಾಯಕರು ಯಾರು? ಗದ್ದೆಗೆ ನೀರು ಬಿಡುವ ನೀರುಗಂಟಿ, ಆಶಾ ಕಾರ್ಯಕರ್ತೆ, ಲೈನ್‌ಮ್ಯಾನ್, ಹಾಲಿನ ಡೈರಿಯವರು. ನಾನಾಗಿದ್ದರೆ ಡೈರಿ ಆರಿಸುತ್ತಿದ್ದೆ, ಏಕೆಂದರೆ ಅಲ್ಲಿ ಅಳತೆ ಇದೆ, ಸರದಿ ಇದೆ, ಬರವಣಿಗೆ ಇದೆ. ಎರಡು ಮೂರು ಬೆಳಿಗ್ಗೆ ಹಾಲು ಹಾಕಲು ಹೋಗುವಾಗ ಕರೆದುಕೊಂಡು ಹೋಗಿ. ಡೈರಿಯವರಿಗೆ ಮೊದಲೇ ಹೇಳಿಟ್ಟರೆ ಹಾಲು ಪರೀಕ್ಷೆ ಮಾಡುವುದನ್ನು ಹತ್ತಿರದಿಂದ ತೋರಿಸಬಹುದು. ಮನೆಯಲ್ಲಿ ಜಗಲಿ ಮೇಲೆ ಡೈರಿ ಇಡಲಿ. ಕ್ಯಾನಿಗೆ ದೊಡ್ಡ ಚೊಂಬು, ಅಳೆಯಲು ಲೋಟ, ಹಾಲಿಗೆ ಅಕ್ಕಿ ತೊಳೆದ ನೀರು. ಅತ್ತೆಯವರು, ಪಕ್ಕದ ಮನೆ ಮಕ್ಕಳು, ಮಗ ಎಲ್ಲರೂ ಸಾಲಾಗಿ ಬಂದು ಹಾಲು ಹಾಕಲಿ. ಹಳೆಯ ಹಾಳೆ ಹೊಲಿದು ಒಬ್ಬೊಬ್ಬರಿಗೊಂದು ಪುಸ್ತಕ ಮಾಡಿ, ಅದರಲ್ಲಿ ಮಗಳೇ ಬರೆದುಕೊಡಲಿ. ಅವಳು ಬರೆಯುವುದು ಗೀಚು, ಸೊನ್ನೆ, ಎರಡು ಕಡ್ಡಿ ಇರಬಹುದು. 'ಇದೇನು ಬರೆದೆ?' ಅಂತ ಕೇಳಿ. 'ಅಜ್ಜಿದು ಎರಡು ಲೋಟ' ಅಂದರೆ ಆ ಎರಡು ಕಡ್ಡಿ ಲೆಕ್ಕವೂ ಹೌದು, ಬರವಣಿಗೆಯೂ ಹೌದು. ಈ ಪುಸ್ತಕವನ್ನು ಅತ್ತೆಯವರಿಗೆ ತಪ್ಪದೆ ತೋರಿಸಿ.

ಶಾಲೆಗೆ ಕಳಿಸಬೇಕಾದದ್ದೂ ಇದೇ ಪುಸ್ತಕ. ಜೊತೆಗೆ ಮಿಸ್‌ಗೆ ಒಂದು ಚೀಟಿ ಇಡಿ: 'ಇದನ್ನು ಅವಳೇ ಮಾಡಿದ್ದು. ನಾವು ಡೈರಿಗೆ ಹೋಗಿ ನೋಡಿ ಬಂದೆವು. ಯಾರು ಎಷ್ಟು ಹಾಲು ಹಾಕಿದರು ಅಂತ ದಯವಿಟ್ಟು ಅವಳನ್ನೇ ಕೇಳಿ.' ಹೆಚ್ಚಿನ ಶಿಕ್ಷಕಿಯರು ಖುಷಿಯಿಂದ ಕೇಳುತ್ತಾರೆ. ಚಂದ ಕಾಣುವುದೇ ಬೇಕು ಅಂದರೆ ಜಗಳ ಬೇಡ, ಪೋಷಕರ ಸಭೆಯಲ್ಲಿ ನಿಮ್ಮ ಹಾಗೆ ರಾತ್ರಿ ಕೂತು ಮಾಡುವ ಇನ್ನಿಬ್ಬರು ತಾಯಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ ಮಾತಾಡಿ. ಮುಂದಿನ ತಿಂಗಳ ಥೀಮ್ ಯಾವುದು ಅಂತ ಮೊದಲೇ ಕೇಳಿ ತಿಳಿದುಕೊಂಡರೆ, ಹೋಗಿ ನೋಡಿ ಬರುವ ಜಾಗ ಹುಡುಕಲು ಹತ್ತು ಹದಿನೈದು ದಿನ ಸಿಗುತ್ತದೆ.